ಮೂರು ಕಂಬದ ನೆರಳು

ನನ್ನ ಗಂಡ ಟಾರ್ಪಾಲು ಹೊಲಿಯುವವರು. ನಲವತ್ತು ವರ್ಷದಿಂದ ಅವರು ನಂಬಿದ್ದು ಒಂದನ್ನೇ, ಕಬ್ಬಿಣದ ಮೂಲೆಮಟ್ಟವನ್ನು. ಮೂಲೆ ಎಂದಮೇಲೆ ತೊಂಬತ್ತು ಡಿಗ್ರಿ ಇರಲೇಬೇಕು. ಇಲ್ಲದಿದ್ದರೆ ತಪ್ಪು ಮೂಲೆಯದು, ಅವರದಲ್ಲ.

ನನ್ನ ತಂಗಿ ಚಹಾದಂಗಡಿ ತೆರೆಯುವವಳಿದ್ದಳು. ಅಂಗಳಕ್ಕೆ ಮೂರು ಮೂಲೆಯ ನೆರಳು ಬಟ್ಟೆ ಬೇಕಿತ್ತು. ಎರಡು ಕಂಬ ಅವಳ ಜಾಗದಲ್ಲಿ, ಒಂದು ಒಲೆಯ ಪಕ್ಕ, ಒಂದು ಬಾಗಿಲ ಪಕ್ಕ; ಮೂರನೆಯದು ಪಕ್ಕದ ಕ್ಷೌರಿಕನ ಹಿತ್ತಲಲ್ಲಿ. ಅವನು ಧಾರಾಳವಾಗಿ ಕಟ್ಟಿಕೊಳ್ಳಿ ಎಂದ; ಆಮೇಲೆ ಗೇಟಿಗೆ ಬೀಗ ಜಡಿದು, ನಾಯಿಯನ್ನು ಕಾವಲಿಗೆ ಬಿಟ್ಟು ಊರಿಗೆ ಹೋದ. ಬರುವುದು ಅಂಗಡಿ ತೆರೆಯುವ ದಿನ ಬೆಳಿಗ್ಗೆ. ಗೋಡೆಯಾಚೆ ಕಂಬವೇನೋ ಕಾಣುತ್ತದೆ, ಟೇಪು ಹಿಡಿದು ಹೋದವರ ಮೀನಖಂಡ ಉಳಿಯುವುದು ಅನುಮಾನ.

“ನಾನು ಇಲ್ಲಿಂದಲೇ ಅಳೀತೀನಿ,” ಅಂದೆ.

“ನಾಯಿ ಜೊತೆ ಮಾತಾಡಿದ್ದೀಯಾ?” ಅಂದರು ನನ್ನವರು.

“ರಾತ್ರಿ ಶಾಲೆಯಲ್ಲಿ ಕಲಿತ ಸೈನ್ ನಿಯಮ ಇದೆಯಲ್ಲ. ತ್ರಿಕೋನದ ಒಂದು ಬದಿ, ಎರಡು ಕೋನ ಸಿಕ್ಕರೆ ಉಳಿದದ್ದು ತಾನೇ ಬರುತ್ತೆ.”

“ಲೇ, ಇರೋದು ಒಂದೇ ಬಟ್ಟೆ. ಹಾಳಾದರೆ ನಿನ್ನ ರಾತ್ರಿ ಶಾಲೆ ಅಲ್ಲಿಗೇ ಮುಗೀತು.”

“ಆಗಲಿ ರೀ,” ಅಂದುಬಿಟ್ಟೆ. ಅರವತ್ತೆರಡನೇ ವಯಸ್ಸಿಗೆ ಕೈಗೆ ಬಂದ ಪುಸ್ತಕ, ಅದನ್ನೇ ಪಣಕ್ಕಿಟ್ಟಿದ್ದೆ.

ನಮ್ಮ ಎರಡು ಕಂಬದ ನಡುವೆ ಆರು ಮೀಟರ್. ಎರಡೂ ತುದಿಯಲ್ಲಿ ಶಾಲೆಯ ಮರದ ಕೋನಮಾಪಕ ಹಿಡಿದು, ಒಂದು ಕಣ್ಣು ಮುಚ್ಚಿ ದೂರದ ಕಂಬ ನೋಡಿದೆ. ಒಲೆ ಕಡೆ ಎಪ್ಪತ್ತು ಡಿಗ್ರಿ, ಬಾಗಿಲ ಕಡೆ ಐವತ್ತು. ಹಾಗಾದರೆ ನಾಯಿಯ ಪಾಲಿಗೆ ಅರವತ್ತು. ಆರನ್ನು ಅರವತ್ತರ ಸೈನ್‌ನಿಂದ ಭಾಗಿಸಿ, ಒಮ್ಮೆ ಎಪ್ಪತ್ತರ ಸೈನ್‌ನಿಂದ, ಒಮ್ಮೆ ಐವತ್ತರ ಸೈನ್‌ನಿಂದ ಗುಣಿಸಿದೆ. ಬಂದದ್ದು ಆರೂವರೆ ಮೀಟರ್, ಮತ್ತೆ ಐದು ಮೀಟರ್ ಮೂವತ್ತು. ಆರೂವರೆ ಒಲೆ ಕಡೆಯ ಬದಿಗೆ, ಐದು ಮೂವತ್ತು ಬಾಗಿಲ ಕಡೆಯದಕ್ಕೆ ಎಂದು ಬರೆದುಕೊಟ್ಟೆ. ಅವರು ಗೊಣಗುತ್ತಲೇ ಕತ್ತರಿಸಿ ಹೊಲಿದರು. ಕೆಳಗೆ ಕೂತವರಿಗೆ ಕಾಣಲಿ ಎಂದು ತಂಗಿ ಬಟ್ಟೆಯ ಒಳಮೈಗೆ ‘ಬಿಸಿ ಚಹಾ’ ಅಂತ ಬರೆಸಿದಳು.

ಅಂಗಡಿ ತೆರೆಯುವ ದಿನ ಕ್ಷೌರಿಕ ಬಂದು, ನಾಯಿ ಕಟ್ಟಿ, ತನ್ನ ಮೂಲೆ ಬಿಗಿದ. ಒಲೆ ಕಡೆ ಬಟ್ಟೆ ಜೋಳಿಗೆಯಂತೆ ಜೋತುಬಿತ್ತು. ಬಾಗಿಲ ಕಡೆ ಒಂದು ಮೀಟರಿಗೂ ಹೆಚ್ಚು ಕೊರತೆ. ನನ್ನವರು ಮೂಲೆಮಟ್ಟವನ್ನು ಅಂಗಿಯಿಂದ ಒರೆಸಿ ಒರೆಸಿ ಹೊಳಪು ಬರಿಸಿದರು.

ಬೋರಲು ಬಕೆಟ್ಟಿನ ಮೇಲೆ ಕೂತು ಲೆಕ್ಕ ತಿರುವಿದೆ. ಬದಿಗೆ ಎದುರಿನ ಕೋನ ಜೊತೆಯಾಗಬೇಕು. ನಾನು ಪಕ್ಕದಲ್ಲಿದ್ದ ಕೋನವನ್ನೇ ಕಟ್ಟಿಬಿಟ್ಟಿದ್ದೆ.

“ರೀ, ಉದ್ದ ತಪ್ಪಿಲ್ಲ, ಜಾಗ ಅದಲುಬದಲು. ಬಟ್ಟೆ ಮಗುಚಿ ಹಾಕಿ.”

“ಹಾಸಿಗೆ ಮಗುಚಿದ ಹಾಗಾ?”

“ಹಾಗೇ.”

ಮಗುಚಿದರು. ಮೂರು ಮೂಲೆಯೂ ತಮಟೆಯಂತೆ ಬಿಗಿದು ಕೂತವು. ಬರಹ ಮಾತ್ರ ಆಕಾಶದ ಕಡೆಗಾಯಿತು.

“ಪರವಾಗಿಲ್ಲ ಅಕ್ಕ,” ಅಂದಳು ತಂಗಿ, “ಕಾಗೆಗಳಿಗೂ ನಾಲ್ಕು ಲೋಟ ತೊಳೆದಿಡ್ತೀನಿ.”

ನನ್ನವರು ಒಲೆಯ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿದರು. ಕೂರಲಿಲ್ಲ. ಚೀಲಕ್ಕೆ ತುರುಕಿದರು.

“ಇವತ್ತು ಕ್ಲಾಸಿದೆಯಾ?”

“ಇದೆ.”

“ಹೋಗು. ಎದುರು ಯಾವುದು, ಪಕ್ಕ ಯಾವುದು ಸರಿಯಾಗಿ ಕೇಳಿಕೊಂಡು ಬಾ. ನಲವತ್ತು ವರ್ಷ ಎದುರೆದುರೇ ಕೂತು ಉಂಡಿದ್ದೀವಿ, ಅಷ್ಟೂ ತಿಳೀಲಿಲ್ವಲ್ಲ ನಿನಗೆ.”