ಪಾತ್ರೆಯ ನಷ್ಟ, ತಗಡಿನ ಲಾಭ

ನಮ್ಮ ಸರ್ಕಾರದ ಬಳಿ ಆಗ ಏನಿರಲಿಲ್ಲ ಎಂದು ಕೇಳುವುದೇ ಸುಲಭ. ತೈಲ, ರೈಲು, ಉಕ್ಕು ಇದ್ದವು, ಸರಿ. ಜೊತೆಗೆ ಸೈಕಲ್ ಕಾರ್ಖಾನೆ, ಸಿನಿಮಾ ಮಂದಿರ, ಕುಣಿತದ ಕ್ಲಬ್ಬು ಕೂಡ! ಮಾಲೀಕ ದಿವಾಳಿಯೆದ್ದು ಕಾಲ್ಕಿತ್ತರೆ ಕಾರ್ಮಿಕರು ಗೇಟಿನ ಮುಂದೆ ಕೂರುತ್ತಿದ್ದರು, ಸರ್ಕಾರ ಕೊಂಡುಕೊಳ್ಳುತ್ತಿತ್ತು. ಮೆಕ್ಸಿಕೋದ ಮಿಶ್ರ ಆರ್ಥಿಕತೆ ಎಂದು ನಾವು ಅರ್ಥಶಾಸ್ತ್ರಜ್ಞರು ಘನವಾಗಿ ಬರೆಯುತ್ತಿದ್ದುದರಲ್ಲಿ ಒಂದಿಷ್ಟು ಬೆಳೆದದ್ದು ಹೀಗೆ.

ಎಂಬತ್ತರ ದಶಕದ ಕೊನೆಗೆ ಗಾಳಿ ತಿರುಗಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮುಚ್ಚಬೇಕು ಎಂದು ತಿಳಿಯಲು ಸಚಿವಾಲಯ ನಲವತ್ತು ವರ್ಷಗಳ ವಿಶ್ಲೇಷಣೆ ಕೇಳಿತು. ಕೈಗಾರಿಕೆಯ ಅಧ್ಯಾಯ ನನ್ನ ಪಾಲಿಗೆ ಬಂತು. ನಷ್ಟದ ಲೆಕ್ಕದಿಂದ ಮುಚ್ಚುವ ಪಟ್ಟಿಗೆ ಸೇರಿದವುಗಳಲ್ಲಿ ಒಂದು, ನಗರದ ಉತ್ತರದಂಚಿನ ಎನಾಮೆಲ್ ಪಾತ್ರೆಯ ಕಾರ್ಖಾನೆ. ಅಲ್ಲಿ ಕುಲುಮೆ ನೋಡಿಕೊಳ್ಳುವ ಫಿದೆನ್ಸಿಯೋ ನನ್ನ ಕೊಂಪಾದ್ರೆ. ಅವನ ಮಗಳು ಎಲ್ವಿರಾಳ ಜ್ಞಾನಸ್ನಾನದಲ್ಲಿ ಧರ್ಮಮಾತೆಯಾಗಿ ಮಗುವನ್ನು ಎತ್ತಿ ಹಿಡಿದವಳು ನಾನು. ಅಂದಿನಿಂದ ಅವನಿಗೆ ನಾನು ಕೊಮಾದ್ರೆ, ನನಗೆ ಅವನು ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಗಟ್ಟಿಯಾದ ನಂಟು. ಎಲ್ವಿರಾ ಆಗ ಸರ್ಕಾರಿ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಅದು ಲಾಭದಲ್ಲಿತ್ತು, ಅದರ ಚಿಂತೆ ಯಾರಿಗೂ ಇರಲಿಲ್ಲ.

ಒಂದು ಮಂಗಳವಾರ ಫಿದೆನ್ಸಿಯೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಕಚೇರಿಗೇ ಬಂದ.

"ಕೊಮಾದ್ರೆ, ನಿಮ್ಮ ಲೆಕ್ಕದಲ್ಲಿ ನಾವೆಲ್ಲ ಸೋಮಾರಿಗಳಂತೆ, ಹೌದಾ?"

"ನಷ್ಟ ಅಂತ ಇದೆ ಕೊಂಪಾದ್ರೆ. ಸೋಮಾರಿ ಅಂತ ಎಲ್ಲೂ ಇಲ್ಲ."

"ಎರಡೂ ಒಂದೇ ಬಿಡಿ. ಸುಳ್ಳು ಬರೀರಿ ಅಂತ ನಾನೇನು ಕೇಳ್ತಿಲ್ಲ. ಯಾಕೆ ನಷ್ಟ ಆಗತ್ತೆ ಅಂತ ಒಂದ್ಸಲ ನೋಡಿ. ಅದೂ ಆಗದಿದ್ರೆ ಇಷ್ಟೆಲ್ಲ ಓದಿ ಏನ್ ಬಂತು?"

ನೋಡಿದೆ. ಪಾತ್ರೆಯ ಬೆಲೆ ಏರಿಸುವಂತಿರಲಿಲ್ಲ, ಅದನ್ನು ಕಟ್ಟಿಹಾಕಿದ್ದು ಸರ್ಕಾರವೇ. ತಗಡನ್ನು ಬೇರೆ ಕಡೆ ಕೊಳ್ಳುವಂತಿರಲಿಲ್ಲ. ಸರ್ಕಾರಿ ಉಕ್ಕಿನವರು ಹೇಳಿದ ದರಕ್ಕೇ ಕೊಳ್ಳಬೇಕು, ಅದು ಹೊರಗಿನ ದರಕ್ಕಿಂತ ಹೆಚ್ಚು. ಬಿಡಿಬಿಡಿಯಾಗಿ ನೋಡಿದರೆ ಪಾತ್ರೆ ಸೋತಿತ್ತು, ಉಕ್ಕು ಗೆದ್ದಿತ್ತು. ಇಡೀ ದೇಶವನ್ನು ಒಟ್ಟಿಗೆ ನೋಡಿದರೆ ಸರ್ಕಾರ ಒಂದು ಜೇಬಿನದ್ದನ್ನು ಇನ್ನೊಂದು ಜೇಬಿಗೆ ಹಾಕಿಕೊಂಡಿತ್ತು, ಅಷ್ಟೇ. ನನಗೆ ಹೆಮ್ಮೆಯಾಯಿತು. ಫಿದೆನ್ಸಿಯೋ ಬದುಕಿಕೊಂಡ ಎಂದುಕೊಂಡು ಎಲ್ಲವನ್ನೂ ಬಿಡಿಸಿ ಬರೆದೆ.

ಮೇಲಧಿಕಾರಿ ಬರ್ರಾಗಾನ್ ನನಗಿಂತ ಹತ್ತು ವರ್ಷ ಚಿಕ್ಕವನು. ಖಾರದ ಕಡಲೆಕಾಯಿ ಬೀಜ ಬಾಯಿಗೆ ಹಾಕಿಕೊಳ್ಳುತ್ತ ಓದಿದ.

"ಭೇಷ್! ಅಂದ್ರೆ ಉಕ್ಕಿನವರ ಲಾಭ ಬರೀ ಮೇಲಿನ ಬಣ್ಣ. ಇದು ನಮಗೆ ಹೊಳೆದೇ ಇರ್ಲಿಲ್ಲ."

"ಹಾಗಾದ್ರೆ ಪಾತ್ರೆ ಕಾರ್ಖಾನೆ..."

"ತಗಡಿನ ದರ ಇಳಿಸಿದ್ರೆ ಉಕ್ಕು ಮುಳುಗತ್ತೆ, ಇಳಿಸದಿದ್ರೆ ಪಾತ್ರೆ. ಎರಡೂ ಮುಚ್ಚೋ ಪಟ್ಟಿಗೆ ಹೋಗ್ಲಿ."

ವಾದಿಸಿದೆ. ಅವನು ನನ್ನ ಪುಟಗಳನ್ನೇ ತೆಗೆದು ನನಗೆ ಓದಿ ಹೇಳಿದ. ಬರೆದವಳು ನಾನೇ.

ಭಾನುವಾರ ಫಿದೆನ್ಸಿಯೋ ಮನೆಯಲ್ಲಿ ಊಟ. ನಾನೇ ಹೇಳಬೇಕಿತ್ತು, ಪತ್ರಿಕೆ ಹೇಳುವ ಮೊದಲು. ಎಲ್ವಿರಾ ಮೋಲೆ ಸಾರು ಬಡಿಸುತ್ತಿದ್ದಳು. ಹೇಳಿದೆ.

ಫಿದೆನ್ಸಿಯೋ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಉಕ್ಕಿನ ಕಾರ್ಖಾನೆ ಮೊದಲು ಮುಚ್ಚೋ ಪಟ್ಟಿಯಲ್ಲಿ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ನಾನು ಬಂದು ಕೇಳಿದ್ಮೇಲೆ ಸೇರ್ತು."

"ಹೌದು."

ಎಲ್ವಿರಾ ಸೌಟು ಹಿಡಿದು ಹಾಗೇ ನಿಂತಿದ್ದಳು. ಅಪ್ಪ ಅವಳತ್ತ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದ.

"ನೀವು ಬರ್ದಿದ್ದು ನಿಜಾನಾ?"

"ನಿಜ."

"ಒಂದೇ ಒಂದು ಸುಳ್ಳಾದ್ರೂ ಇರಬಾರ್ದಿತ್ತಾ ಕೊಮಾದ್ರೆ," ಎಂದ, "ನಿಮ್ಮನ್ನ ಬೈಕೊಳ್ಳೋಕಾದ್ರೂ ಆಗ್ತಿತ್ತು."