ಬೇಡ ಅನ್ನಲು ಜಾಗ

ಚಿಕ್ಕಮ್ಮನ ಪ್ರೆಸ್ಸಿನಲ್ಲಿ ನನ್ನ ಕೆಲಸ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುವುದು. ಗಿರಾಕಿಗಳೊಡನೆ ಮಾತಾಡಬೇಕಿಲ್ಲ ಎಂಬುದೇ ಅದರ ಸುಖ. ಮೆಷಿನ್ ನೋಡಿಕೊಳ್ಳುವ ಸೋದರಮಾವ ನನ್ನನ್ನು ಕರೆಯುವುದೇ ಮೌನಗೌರಿ ಎಂದು.

ಆ ಸಲದ ದೊಡ್ಡ ಆರ್ಡರು ಕಣ್ಣಿನ ಡಾಕ್ಟರೊಬ್ಬರ ಕ್ಯಾಲೆಂಡರು. ಮುಖಪುಟಕ್ಕೆಂದು ಹುಡುಕುತ್ತ ಚಿಕ್ಕಮ್ಮ ಅಂತರ್ಜಾಲದಲ್ಲಿ ಒಂದು ಫೋಟೊ ಕಂಡಳು: ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ದಾರ ಪೋಣಿಸುತ್ತಿರುವ ಮುದುಕ. ತೆಗೆದವರನ್ನು ಇನ್ನೂ ಕೇಳಬೇಕು ಎಂದು ಹೇಳಿಯೇ ಡಾಕ್ಟರಿಗೆ ಮಾದರಿ ತೋರಿಸಿದಳು. ಅವರಿಗೆ ಅದೇ ಬೇಕಂತೆ. ಇಲ್ಲದಿದ್ದರೆ ಬೇರೆ ಪ್ರೆಸ್ ನೋಡಿಕೊಳ್ಳುತ್ತಾರಂತೆ.

ಮಾವ ನಕ್ಕ. ನೆಟ್ಟಿನಲ್ಲಿ ಬಿದ್ದಿರುವುದಕ್ಕೆ ಯಾರ ಅಪ್ಪಣೆ, ಎಡಬಲ ತಿರುಗಿಸಿ ಹಾಕಿದರೆ ತೆಗೆದವರಿಗೂ ಗುರುತು ಸಿಗುವುದಿಲ್ಲ ಎಂದ. ಚಿಕ್ಕಮ್ಮ ಫೋಟೊ ತೆಗೆದವರಿಗೆ ಕಾಗದ ಬರೆಯುವ ಕೆಲಸ ನನಗೆ ಹಚ್ಚಿದಳು.

ಬಾಯಿಬಿಟ್ಟು ಕೇಳಲಾರದವಳಿಗೆ ಬರವಣಿಗೆಯಲ್ಲಿ ಧೈರ್ಯ ಹೆಚ್ಚು. ನಿಮ್ಮಂಥ ಕಲಾವಿದರು ಉಂಟೇ, ನಮ್ಮದು ಪುಟ್ಟ ಪ್ರೆಸ್ಸು, ಡಾಕ್ಟರು ಬಡವರನ್ನು ಕಾಪಾಡುವವರು, ದಯವಿಟ್ಟು ನಿರಾಸೆ ಮಾಡಬೇಡಿ ಎಂದೆಲ್ಲ ಹರಿಯಬಿಟ್ಟೆ. ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು.

“ಇದು ಕೇಳೋದಲ್ಲ ಕಣೇ, ಕೈ ಹಿಡಿದು ಎಳೆಯೋದು. ಬೇಡ ಅನ್ನೋಕೆ ಅವರಿಗೆ ಸ್ವಲ್ಪ ಜಾಗ ಬಿಡು.”

ಹೊಗಳಿಕೆ ಹೋಯಿತು, ಬಡವರೂ ಹೋದರು. ಎಲ್ಲಿ ಅಚ್ಚಾಗುತ್ತದೆ, ಎಷ್ಟು ಪ್ರತಿ, ಹೆಸರು ಎಲ್ಲಿ ಹಾಕುತ್ತೇವೆ, ಎಷ್ಟು ಕೊಡಬಲ್ಲೆವು ಎಂಬುದು ಉಳಿಯಿತು. ಕೊನೆಗೆ ಅವಳೇ ಒಂದು ಸಾಲು ಸೇರಿಸಿದಳು: ಇಷ್ಟವಿಲ್ಲದಿದ್ದರೆ ಬೇಡ ಎಂದರೆ ಸಾಕು, ಕಾರಣ ಹೇಳಬೇಕಿಲ್ಲ.

ಉತ್ತರಕ್ಕೆ ಕಾದೆವು. ಡಾಕ್ಟರ ಫೋನು ಬರುತ್ತಲೇ ಇತ್ತು. ಮೌನಕ್ಕೆ ಒಪ್ಪಿಗೆ ಎಂದೇ ಅರ್ಥ ಎಂದು ಮಾವ ವಾದಿಸಿದ. ಹಾಗಾದರೆ ಈ ಮೌನಗೌರಿ ಹುಟ್ಟಿದಾಗಿನಿಂದ ನಿನ್ನ ಮಾತಿಗೆಲ್ಲ ಒಪ್ಪಿದ್ದಾಳಾ ಎಂದು ಚಿಕ್ಕಮ್ಮ ಕೇಳಿದ ಮೇಲೆ ಮೆಷಿನಿನತ್ತ ನಡೆದ.

ಕೊನೆಗೂ ಉತ್ತರ ಬಂತು. ಬೇಡ. ಕಾರಣ ಕೇಳದಿದ್ದರೂ ಬರೆದಿದ್ದರು: ಅವರು ನನ್ನ ತಂದೆ. ಈಗಿಲ್ಲ. ಗುರುತಿಲ್ಲದವರ ಗೋಡೆಗಳಲ್ಲಿ ಅವರು ನೇತಾಡುವುದನ್ನು ನೆನೆಯಲಾರೆ. ಕೇಳಿದ್ದಕ್ಕೆ ಋಣಿ, ಕೇಳಿದವರು ನೀವೇ ಮೊದಲು.

ನನ್ನ ಕಣ್ಣು ತುಂಬಿತು. ಆ ಮೊದಲ ಕಾಗದ ಹೋಗಿದ್ದರೆ ಇವರು ಹಲ್ಲು ಕಚ್ಚಿ ಹೂಂ ಅಂದುಬಿಡುತ್ತಿದ್ದರೇನೋ.

ಚಿಕ್ಕಮ್ಮ ಒಡನೆಯೇ ಡಾಕ್ಟರಿಗೆ ಫೋನು ಹಚ್ಚಿದಳು. ಆ ಕಡೆಯ ಸಿಡಿಮಿಡಿ ನಮಗೂ ಕೇಳುತ್ತಿತ್ತು. ಇಷ್ಟಕ್ಕೆ ಕೇಳಿದ್ದಾದರೂ ಯಾಕೆ, ನನ್ನ ಆರ್ಡರು ವಾಪಸು ಎಂದರು. ಅವಳು ಆಗಲಿ ಎಂದಳು. ಆಮೇಲೆ ದನಿ ಏರಿಸದೆ ಹೇಳಿದಳು:

“ಎಲ್ಲಿ ಬೇಕಾದ್ರೂ ಮಾಡಿಸ್ಕೊಳ್ಳಿ ಸರ್. ಈ ಚಿತ್ರ ಮಾತ್ರ ಬೇಡ. ಅದು ಒಬ್ಬರ ಅಪ್ಪ.”

ಆ ಕಡೆ ತುಸು ಹೊತ್ತು ಸದ್ದಿಲ್ಲ. ಅವಳೂ ಒತ್ತಾಯಿಸಲಿಲ್ಲ; ಅವರಿಗೂ ಜಾಗ ಬಿಟ್ಟಳು. ಕೊನೆಗೆ, ಸರಿ, ಹಾಕಿಸುವುದಿಲ್ಲ ಎಂಬುದು ಕೇಳಿಸಿತು.

“ಆರ್ಡರ್ ಕಳ್ಕೊಂಡವಳು ಮಾತು ತಗೊಂಡ್ಲು ನೋಡು,” ಎಂದ ಮಾವ ನನ್ನತ್ತ ತಿರುಗಿ. ಬೈಗುಳದಂತೆ ಹೊರಟ ಮಾತಿಗೆ ನಡುವೆಯೇ ಹೆಮ್ಮೆ ಬೆರೆತಿತ್ತು.

ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಮಾದರಿಯನ್ನು ಅವನೇ ಬಿಡಿಸಿದ. ಮುದ್ದೆ ಮಾಡಲಿಲ್ಲ. ಕೈಯ ಮಸಿ ಪ್ಯಾಂಟಿಗೆ ಒರೆಸಿಕೊಂಡು, ಮುಖದ ಮೇಲೆ ಗೆರೆ ಬೀಳದಂತೆ ಮಡಿಸಿ, ಇನ್ನು ಯಾರ ಗೋಡೆಗೂ ಹೋಗದಂತೆ ಚೂರು ಮಾಡಲು ಕತ್ತರಿಸುವ ಯಂತ್ರದತ್ತ ಹೋದ.