ಹತ್ತಕ್ಕೆ ಎರಡು

ಕಂಡಕ್ಟರನ ಕಿವಿಯ ಮೇಲೆ ಕೆಂಪು ಪೆನ್ಸಿಲ್, ಇವನಿಗೂ ಕೆಂಪೇ ಬೇಕಾಯಿತಾ, ಎಲ್ಲಿಗೆ ಟೀಚರ್, ಒಂದು ಎರ್ಮಾಳ್, ಟಿಕೆಟಿನ ಮೇಲೆ ಸರ್ರನೆ ಗೀರಿ ಕೊಡುತ್ತಾನೆ — ಗೀರು ಮಾರಾಯ, ಗೀರು, ಈ ಊರಿನಲ್ಲಿ ಯಾರ ಕೈಗೆ ಕೆಂಪು ಪೆನ್ಸಿಲ್ ಸಿಕ್ಕಿದರೂ ಗೀರುವುದೊಂದೇ ಗೊತ್ತು. ಮಡಿಲಲ್ಲಿ ಗುಣವತಿಯ ಇಂಗ್ಲಿಷ್ ಕಾಂಪೊಸಿಷನ್ ಪುಸ್ತಕ, ಕಂದು ಕಾಗದದ ಹೊದಿಕೆ, ಹತ್ತನೇ ಬಿ, ನನ್ನ ಅಂಗೈ ಬೆವರಿಗೆ ಹೆಸರಿನ ಶಾಯಿ ಕದಡಿದೆ, ಕದಡಲಿ, ಹುಡುಗಿಯೇ ಶಾಲೆಯಿಂದ ಅಳಿಸಿಹೋಗುವುದರಲ್ಲಿದ್ದಾಳೆ. ಬೆಳಿಗ್ಗೆ ಅವಳ ಅಪ್ಪ ಶೀನ ಇದನ್ನು ಹೆಡ್ಮಾಸ್ಟರ ಮೇಜಿನ ಮೇಲೆ ಇಟ್ಟು, ಟಿ.ಸಿ. ಕೊಡಿ ಸ್ವಾಮಿ, ಹತ್ತಕ್ಕೆ ಎರಡು ಬಂದವಳಿಗೆ ಶಾಲೆ ಎಂತಕ್ಕೆ, ಮನೆಯಲ್ಲಿ ಬೀಡಿ ಕಟ್ಟಲಿ, ಎಂದು ಹೇಳಿ ಹೋದನಂತೆ. ನಾನು ಪಾಠದಲ್ಲಿದ್ದೆ. ಜನಾರ್ದನ ರಾಯರು ನನ್ನನ್ನು ಕರೆಸಿ ಪುಸ್ತಕ ಮುಂದೆ ತಳ್ಳಿದರು, ನಾಳೆ ಹನ್ನೊಂದಕ್ಕೆ ಟಿ.ಸಿ. ಕೊಡುತ್ತೇನೆ ಒಲಿಂಡಾ ಟೀಚರ್, ಮಕ್ಕಳ ಕೈಯಲ್ಲಿ ಮಾರ್ಕು ಹಾಕಿಸುವುದು ನೀವಲ್ವಾ, ಹಾಗಾದರೆ ಸಂಬಳ ಯಾರಿಗೆ ಕೊಡಬೇಕು, ನಿಮಗೋ ಅವರಿಗೋ — ಹೇಳಿ ನಕ್ಕರು, ಎಲೆಯಡಿಕೆಯ ಹಲ್ಲು, ಆ ನಗುವಿಗೆ ಒಂದು ಡಸ್ಟರ್ ಎಸೆಯಬೇಕಿತ್ತು. ನಾಲ್ಕಕ್ಕಿಂತ ಕಡಿಮೆ ಬಂದ ಪುಸ್ತಕ ಮನೆಗೆ ಹೋಗಬೇಕು, ಅಪ್ಪ ಸಹಿ ಹಾಕಬೇಕು, ಇಲ್ಲದಿದ್ದರೆ ಹೆಬ್ಬೆಟ್ಟು, ಇದು ಯಾರ ಕಾನೂನು, ಇವರದ್ದೇ. ಅವರೆದುರೇ ಪುಟ ತೆರೆದೆ, ಹದಿನಾಲ್ಕು ಸಾಲು, ಹದಿನಾಲ್ಕರ ಮೇಲೂ ಸ್ಕೇಲು ಇಟ್ಟು ಎಳೆದ ಕೆಂಪು ಗೆರೆ, ಕೆಳಗೆ ಎರಡು, ಅದರ ಕೆಳಗೆ ಬಾಲ ಇರುವ ಆ — ಬೇಡ, ಅದನ್ನು ಆಮೇಲೆ ನೋಡುವ.

ಮೂಳೂರು ದಾಟಿತು, ಈ ಬಸ್ಸಿಗೆ ಜೀವ ಉಂಟೋ ಇಲ್ಲವೋ, ಪ್ರತಿ ಮರದ ಬುಡದಲ್ಲೂ ನಿಲ್ಲುತ್ತದೆ. ಮಂಗಳೂರಿನಲ್ಲಿ ಮೂರು ದಿನ ತರಬೇತಿ, ಪುಸ್ತಕ ಅದಲುಬದಲು ಮಾಡಿಸಿ, ಒಬ್ಬರದ್ದನ್ನು ಒಬ್ಬರು ಓದಲಿ, ಎಲ್ಲಿ ಅರ್ಥವಾಗಲಿಲ್ಲ ಕೇಳಲಿ, ಎಲ್ಲಿ ಚಂದ ಕಂಡಿತು ಹೇಳಲಿ — ಎಷ್ಟು ಖುಷಿಯಿಂದ ಬಂದಿದ್ದೆ ನಾನು, ಹೊಸ ಕೆಂಪು ಪೆನ್ಸಿಲಿನ ಡಬ್ಬ ಹಿಡಿದುಕೊಂಡು, ಹುಚ್ಚಿ. ಐವತ್ತೆಂಟು ಮಕ್ಕಳು, ವಿಷಯ ‘ನನ್ನ ಅಪ್ಪ’. ಟೀಚರ್ ಚಂದ ಅಂದರೆ ಎಂತ, ಟೀಚರ್ ಎಷ್ಟು ಮಾರ್ಕು ಕೊಡಬೇಕು, ಟೀಚರ್ ಇವನು ನನ್ನದನ್ನು ಗೀರಿದ. ಮಂಡೆ ಬಿಸಿಯಾಗಿ, ಗದ್ದಲ ನಿಂತರೆ ಸಾಕಾಗಿ, ಗೈಡಿನಲ್ಲಿ ಇರುವುದಕ್ಕೆ ಹೋಲಿಸಿ ನೋಡಿ ಎಂದುಬಿಟ್ಟೆ. ಒಂದೇ ಮಾತು. ಕ್ಲಾಸು ತಣ್ಣಗಾಯಿತು. ಇವತ್ತು ಮಧ್ಯಾಹ್ನ ಹೃಷೀಕೇಶನನ್ನು ಹಿಡಿದು ನಿಲ್ಲಿಸಿದೆ, ಗುಣವತಿಯ ಪುಸ್ತಕಕ್ಕೆ ಮಾರ್ಕು ಹಾಕಿದವನು ಅವನು, ಕ್ಲಾಸಿಗೇ ಮೊದಲನೆಯವ, ಎಂತ ಮಾಡಿದ್ದು ನೀನು, ಬೊಬ್ಬೆ ಹೊಡೆದೆ, ಹುಡುಗ ಹೆದರಲಿಲ್ಲ. ಟೀಚರ್, ಗೈಡಿನಲ್ಲಿ ಅಪ್ಪ ಬ್ಯಾಂಕ್ ಆಫೀಸರ್, ಸ್ಕೂಟರಿನಲ್ಲಿ ಹೋಗುತ್ತಾರೆ, ಭಾನುವಾರ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ, ಇವಳ ಅಪ್ಪ ಅದು ಯಾವುದನ್ನೂ ಮಾಡುವುದಿಲ್ಲ, ಆದರೂ ಎರಡು ಕೊಟ್ಟೆ, ಅಕ್ಷರ ಚಂದ ಉಂಟು. ನಿನ್ನ ಅಪ್ಪನ ಬಗ್ಗೆ ಎಂತ ಬರೆದೆ? ಬ್ಯಾಂಕ್ ಆಫೀಸರ್. ನಿಜಕ್ಕೂ ಎಂತ ಮಾಡುವುದು? ದೇವಸ್ಥಾನದಲ್ಲಿ ಅಡಿಗೆ, ಟೀಚರ್. ಜೆಜೂ, ದೇವರೇ! ಐವತ್ತೇಳು ಬ್ಯಾಂಕ್ ಆಫೀಸರು, ಐವತ್ತೇಳು ಸ್ಕೂಟರು, ನಮ್ಮ ಕಾಪುವಿನಲ್ಲಿ ಪಾರ್ಕು ಎಲ್ಲಿ ಉಂಟು ಎಂದು ಒಂದು ಮಗುವೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಎಂಬತ್ತನಾಲ್ಕನೇ ಇಸವಿ ಬಂದರೂ ನಮ್ಮ ಮಕ್ಕಳಿಗೆ ಅಪ್ಪನನ್ನು ಗೈಡೇ ಕೊಡಬೇಕು. ಒಬ್ಬಳು ಮಾತ್ರ ತನ್ನ ಅಪ್ಪನನ್ನು ಬರೆದಳು. ಗೆರೆಯ ಅಡಿಯಿಂದ ಓದಿದೆ, ಒಂದೊಂದೇ ಶಬ್ದ ಹೆಕ್ಕಿ — ನಾನು ಏಳುವ ಮೊದಲೇ ಅಪ್ಪ ಕಡಲಿಗೆ ಹೋಗುತ್ತಾರೆ. ಮೀನು ಸಿಕ್ಕಿದ ದಿನ ಅಂಗಳದ ದಣಪೆಯ ಆಚೆಯಿಂದಲೇ ನನ್ನ ಹೆಸರು ಕರೆಯುತ್ತಾರೆ. ಸಿಗದ ದಿನ ಮಾತನಾಡದೆ ಬಾವಿಕಟ್ಟೆಗೆ ಹೋಗಿ ಎರಡು ಸಲ ಕಾಲು ತೊಳೆಯುತ್ತಾರೆ, ಅಮ್ಮ ಖಾಲಿ ಕೈ ನೋಡಬಾರದೆಂದು. ನಾನು ಕಾಲು ಒರೆಸಲು ಬೈರಾಸು ಕೊಡುತ್ತೇನೆ, ಏನೂ ಕೇಳುವುದಿಲ್ಲ. ಇಂಥದ್ದು ನನ್ನ ಕೈಯಲ್ಲಿ ಬರೆಯಲು ಆಗುತ್ತದಾ, ಹನ್ನೊಂದು ವರ್ಷ ಕಲಿಸಿದ್ದೇನೆ, ಆಗುವುದಿಲ್ಲ. ಹೃಷೀಕೇಶನಿಗೆ ಬೈದೆ, ರಾಯರಿಗೆ ಮನಸ್ಸಿನಲ್ಲೇ ಬೈದೆ, ಗೈಡು ಬರೆದವನ ಕೈ ಮುರಿಯಲಿ, ತರಬೇತಿ ಕೊಟ್ಟವರಿಗೆ ಎಂತ, ಅವರಿಗೆ ಐವತ್ತೆಂಟು ಮಕ್ಕಳಾ — ಇನ್ನು ಯಾರು ಉಳಿದರು, ಬೇಲಿಯೇ ಎದ್ದು ಹೊಲ ಮೇಯ್ದರೆ ಬೈಯುವುದು ಯಾರಿಗೆ. ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ, ಮೂಕಾಂಬಿಕಾ ಟೀಚರ್ ಹತ್ತಿರ ಸೀರೆಯ ಸುದ್ದಿ ಮಾತಾಡುತ್ತಾ, ಐವತ್ತೆಂಟು ಪುಸ್ತಕ, ಹತ್ತು ನಿಮಿಷ, ಪುಟ ತಿರುಗಿಸು ಸಹಿ ಹಾಕು, ತಿರುಗಿಸು ಹಾಕು, ಒ-ಕ್ಕೊಂದು ಸುತ್ತು, ಡಿ-ಗೊಂದು ಬಾಲ. ಎರ್ಮಾಳ್ ಯಾರು ಇಳಿಯುವುದು, ಇಳಿಯಿರಿ ಬೇಗ.

ಹೊಯಿಗೆಯಲ್ಲಿ ಚಪ್ಪಲಿ ಹೂತುಹೋಗುತ್ತದೆ, ಬಲೆ ಹರಡಿದ ಅಂಗಳ, ಜಗಲಿಯಲ್ಲಿ ಗುಣವತಿ, ಮಡಿಲಲ್ಲಿ ಮೊರ, ಮೊರದಲ್ಲಿ ಬೀಡಿ ಎಲೆ, ಕತ್ತರಿ ಕಚಕಚ, ಶಾಲೆಗೆ ಬಾರದ ಎಂಟೇ ದಿನದಲ್ಲಿ ಎಷ್ಟು ಕೈ ಓಡುತ್ತದೆ ಇವಳಿಗೆ, ನನ್ನನ್ನು ಕಂಡು ಎದ್ದು ನಿಂತಳು, ನಮಸ್ತೇ ಟೀಚರ್, ಕಣ್ಣು ಎತ್ತಲಿಲ್ಲ. ಬಾವಿಕಟ್ಟೆಯಲ್ಲಿ ಶೀನ ಕಾಲು ತೊಳೆಯುತ್ತಿದ್ದಾನೆ. ಒಂದು ಸಲ. ಕೊಡಪಾನ ಮತ್ತೆ ಕೆಳಗಿಳಿಯಿತು, ಎರಡು ಸಲ. ನಾನು ಅವನ ಕೈ ನೋಡಲಿಲ್ಲ. ಬನ್ನಿ ಟೀಚರ್, ಕುಳಿತುಕೊಳ್ಳಿ, ಟಿ.ಸಿ. ತಂದಿರಾ? ಇಲ್ಲ, ನಿಮ್ಮ ಮಗಳು ಎಂತ ಬರೆದಿದ್ದಾಳೆ ಗೊತ್ತುಂಟಾ, ಕೇಳಿ — ಕೂತು ತುಳುವಿನಲ್ಲಿ ಹೇಳಿದೆ, ಕಡಲು, ದಣಪೆ, ಬಾವಿಕಟ್ಟೆ, ಬೈರಾಸು, ಸಾಲು ಸಾಲು, ಕತ್ತರಿಯ ಸದ್ದು ನಿಂತಿತ್ತು. ಅವನು ಪೂರಾ ಕೇಳಿಸಿಕೊಂಡ. ಒದ್ದೆ ಕಾಲು ನೋಡಿಕೊಂಡ. ಮಗಳ ಕಡೆ ನೋಡಲಾಗದೆ ಬಲೆಯ ಕಡೆ ನೋಡಿದ. ಇದಕ್ಕೆ ಎರಡಾ? ಅದು ಒಬ್ಬ ಹುಡುಗ ಕೊಟ್ಟದ್ದು, ಅವನಿಗೆ ತಿಳಿಯಲಿಲ್ಲ, ನಾನು ನಾಳೆಯೇ ತಿದ್ದಿ — ಬೆರಳು ಬಂತು, ಹಗ್ಗ ಎಳೆದು ದಪ್ಪಗಾದ ಬೆರಳು, ಎರಡರ ಕೆಳಗೆ ಒತ್ತಿ ನಿಂತಿತು. ಈ ಬಾಲ ನಿಮ್ಮದಲ್ವಾ, ಪ್ರೋಗ್ರೆಸ್ ಕಾರ್ಡಿನಲ್ಲಿ ನನ್ನ ಹೆಬ್ಬೆಟ್ಟಿನ ಪಕ್ಕ ಇರುವುದೂ ಇದೇ, ನನಗೆ ಗುರುತು ಉಂಟು. ನನ್ನದೇ. ನನಗೆ ಓದಲು ಬರುವುದಿಲ್ಲ ಟೀಚರ್, ಹಾಗಾಗಿ ಓದದೆ ಒತ್ತಿದೆ, ನಿಮಗೆ ಎಂತ ಆಗಿತ್ತು? ಹೇಳು ಒಲಿಂಡಾ, ಬೊಬ್ಬೆ ಹೊಡಿ, ಈಗ ಯಾರ ಮೇಲೆ ಹೊಡೆಯುತ್ತಿ, ಪುಟದ ಮೇಲೆ ಅವನ ನೇರಳೆ ಹೆಬ್ಬೆಟ್ಟು, ಒಂದೊಂದು ಗೆರೆಯೂ ಕಾಣುವ ಹಾಗೆ ಒತ್ತಿದ್ದು, ಅದರ ಪಕ್ಕ ನನ್ನ ಒ, ನನ್ನ ಡಿ, ಆ ಕೆಂಪು ಬಾಲ, ಆ ಬಾಲ —